ಬ್ಯಾಡಗಿ ಸುಮ್ಮನೆ ಕೂತ ದಿನ

ಹುಮಾ "ನಂದು" ಅಂದಿದ್ದಳು. ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಚೆಂಡು ಉರುಳುತ್ತ ಗೋಲಿನ ಮುಂದಿನ ಡಿ ಗೆರೆಯೊಳಗೆ ಬಂದಾಗ, ಹೆಲ್ಮೆಟ್ಟಿನ ಜಾಲರಿಯ ಹಿಂದೆ ತುಟಿ ಬಿಚ್ಚಿ, ಸ್ಪಷ್ಟವಾಗಿ "ನಂದು" ಅಂದಿದ್ದಳು. ಅದು ಕೇಳಿಸಿದ್ದು ಮಾತ್ರ ಅವಳೊಬ್ಬಳಿಗೇ. ಮುಂದೆ ನಿಂತಿದ್ದ ಫುಲ್‌ಬ್ಯಾಕ್ ಅರುಣಾ ಚೆಂಡು ತನ್ನದೆಂದು ತಿಳಿದು ಹಿಂದಕ್ಕೆ ಓಡಿಬಂದಳು. ಗೋಲ್‌ಕೀಪರ್ ಹುಮಾ ಮುಂದಕ್ಕೆ ನುಗ್ಗಿದಳು. ಇಬ್ಬರೂ ಡಿಕ್ಕಿ ಹೊಡೆದು ಮಣ್ಣಿನಲ್ಲಿ ಕುಕ್ಕರಿಸಿದರು. ಚೆಂಡು ಯಾರ ಗೊಡವೆಯೂ ಇಲ್ಲದೆ ಅವರಿಬ್ಬರ ನಡುವಿನಿಂದ ಹಾದು ಗೋಲಿನೊಳಗೆ ಹೋಗಿ ನಿಂತಿತು.

ಆ ಸೆಮಿಫೈನಲ್ಲನ್ನು ಬ್ಯಾಡಗಿ ಹುಡುಗಿಯರು ಹೇಗೋ ಗೆದ್ದರು. ಜಿಲ್ಲೆಯ ಜೂನಿಯರ್ ಹಾಕಿ ಫೈನಲ್ಲಿಗೆ ಊರಿನ ತಂಡ ಹೋದದ್ದು ಅದೇ ಮೊದಲು. ಎದುರಾಳಿ ರಾಣೆಬೆನ್ನೂರು, ಪಂದ್ಯ ಹಾವೇರಿಯಲ್ಲಿ, ಎರಡು ವಾರ ಬಿಟ್ಟು ಭಾನುವಾರ. ಊರಿಗೆ ಊರೇ ಹಿಗ್ಗಿತು. ಹುಡುಗಿಯರನ್ನು ತಯಾರು ಮಾಡುತ್ತಿದ್ದ ಚನ್ನೇಶ ಸರ್ ಮಾತ್ರ ಹುಮಾಳನ್ನು ಬದಿಗೆ ಕರೆದು ನಿಲ್ಲಿಸಿಕೊಂಡರು.

"ಒದರಲಿಲ್ಲ ಯಾಕ?"

"ಅಂದೇನ್ರಿ ಸರ್."

"ಏನಂದಿ?"

"ನಂದು ಅಂದೇನ್ರಿ."

"ಏನು?"

"ನಂದು, ಅಂತ."

ಸರ್ ಕಿವಿಯ ಹತ್ತಿರ ಕೈ ಇಟ್ಟುಕೊಂಡು ಬಾಗಿದರು. ಆಮೇಲೆ ಹತಾಶರಾಗಿ ನೆಟ್ಟಗಾದರು. "ನೋಡು, ಉಳಿದೋರೆಲ್ಲಾ ಮುಂದ ನೋಡ್ತಾರ. ಪೂರ್ತಿ ಆಟ ಕಾಣೂದು ನಿನಗೊಬ್ಬಾಕಿಗೇ. ನೀ ಕಂಡದ್ದು ಹೇಳಲಿಲ್ಲಂದ್ರ ಕಂಡು ಏನ್ ಬಂತು? ಮುಂದಿನ ಭಾನುವಾರ ಹಲಗೇರಿ ಹುಡುಗ್ಯಾರ ಜೋಡಿ ಪ್ರ್ಯಾಕ್ಟೀಸ್ ಮ್ಯಾಚ್ ಐತಿ. ಅಷ್ಟರಾಗ ನಿನ್ನ ದನಿ ಬರಬೇಕು. ಬರಲಿಲ್ಲಂದ್ರ ಫೈನಲ್‌ನ್ಯಾಗ ಗೋಲಿಗೆ ತಬಸ್ಸುಮ್."

ಹುಮಾ ತಲೆ ತಗ್ಗಿಸಿದಳು. ಅವಳು ಗೋಲಿಗೆ ಬಂದದ್ದೇ ಅಲ್ಲಿ ಯಾರ ಜೊತೆಗೂ ಮಾತಾಡಬೇಕಾಗಿಲ್ಲ ಎಂದುಕೊಂಡು. ಆಟ ಆ ತುದಿಗೆ ಹೋದಾಗ ಈ ತುದಿಯಲ್ಲಿ ಅವಳೊಬ್ಬಳೇ ಉಳಿಯುತ್ತಿದ್ದಳು. ಕೋಲ್ಡ್ ಸ್ಟೋರೇಜಿನ ಕಡೆಯಿಂದ ಮೆಣಸಿನಕಾಯಿಯ ಘಾಟು ಬೆರೆತ ಗಾಳಿ ಬರುತ್ತಿತ್ತು. ಬಲೆಯ ಒಂದು ಹರಿದ ಎಳೆ ಅಲ್ಲಾಡುತ್ತಿತ್ತು. ಆ ಹೊತ್ತಿನಲ್ಲಿ ಅವಳೊಳಗೆ ಎಲ್ಲವೂ ತನ್ನತನ್ನ ಜಾಗದಲ್ಲಿ ಕೂತಂತೆ ಅನಿಸುತ್ತಿತ್ತು. ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಅವಳಿಗೆ ಅಂಥ ಜಾಗ ಇನ್ನೊಂದಿರಲಿಲ್ಲ. ಈಗ ಅದೂ ಹೋಗುವುದರಲ್ಲಿತ್ತು.

ಊರಿಗೆ ಇದು ಬಿಡಿಸಲಾಗದ ಒಗಟು. ಯಾಕೆಂದರೆ ಹುಮಾಳ ತಂದೆ ಹಜರತಅಲಿ ಬಸ್ ಸ್ಟ್ಯಾಂಡಿನಲ್ಲಿ ಟೆಂಪೊಗಳಿಗೆ ಜನರನ್ನು ಕೂಗಿ ಹತ್ತಿಸುವ ಏಜೆಂಟ. "ಹಾವೇರಿ ಹಾವೇರಿ ಹಾವೇರೀ" ಎಂದು ಅವನು ಎತ್ತಿದ ದನಿ ರೈಲ್ವೆ ಸ್ಟೇಷನ್ನಿನಲ್ಲಿ ನಿಂತವರನ್ನೂ ತಿರುಗಿ ನೋಡುವಂತೆ ಮಾಡುತ್ತಿತ್ತು. ಅಂಥವನ ಮಗಳಿಗೆ ದನಿಯೇ ಇಲ್ಲವೆಂದರೆ? ಮಗಳ ಪಾಲನ್ನೂ ಅಪ್ಪನೇ ಮೊದಲೇ ಖರ್ಚು ಮಾಡಿಬಿಟ್ಟಿದ್ದಾನೆ ಎಂದು ಮಂದಿ ಚೇಷ್ಟೆ ಮಾಡಿದರು. ಚೇಷ್ಟೆ ಮಾಡಿದವರೇ ಮರುದಿನದಿಂದ ಕಲಿಸಲು ನಿಂತರು. ಒಂದು ವಾರ ಬ್ಯಾಡಗಿಯಲ್ಲಿ ಹುಮಾಳಿಗೆ ಒದರುವುದನ್ನು ಕಲಿಸದೆ ಬಿಟ್ಟವರು ಕಡಿಮೆ.

ಮಾರ್ಕೆಟ್ ಯಾರ್ಡಿನ ಹಮಾಲರ ಹಿರಿಯ ಉಡಚಪ್ಪ ಅವಳನ್ನು ಮೆಣಸಿನಕಾಯಿ ಚೀಲಗಳ ಒಟ್ಟಿಲ ಮೇಲೆ ಹತ್ತಿಸಿದ. "ಗಂಟಲದಾಗಿಂದ ಅಲ್ಲ ತಂಗಿ, ಹೊಟ್ಟ್ಯಾಗಿಂದ. ಹೊಕ್ಕಳ ಒಳಗ ಎಳಕೋ, ಬಾಯಿ ಅಗಲ ತಗಿ, ಬಿಡು!" ಹುಮಾ ಬಾಯಿ ಅಗಲಿಸಿ ಉಸಿರು ಎಳೆದುಕೊಂಡಳು. ಉಸಿರಿನ ಜೊತೆ ಖಾರದ ಧೂಳೂ ಒಳಗೆ ಹೋಯಿತು. ಯಾರ್ಡೆಲ್ಲ ಅದುರುವಂಥ ಸೀನು ಬಂತು. ಹಮಾಲರು ಚಪ್ಪಾಳೆ ತಟ್ಟಿದರು.

"ಬಂತು ನೋಡ್ರಿ ದನಿ!"

"ಎದುರಿನ ಟೀಮ್ ಬಂದಾಗ ಹಿಂಗ ಸೀನಿದ್ರೂ ಆತು!"

ಪಲ್ಯ ಮಾರುವ ಮಂಗಳವ್ವ ಬೇರೆ ದಾರಿ ಹಿಡಿದಳು. "ಸಿಟ್ಟು ಬರಬೇಕು ಬೇ, ತಾನ ಬಾಯಿ ಬಿಡ್ತೈತಿ. ಯಾರ ಮ್ಯಾಲರ ಸಿಟ್ಟೈತೇನು?"

"ಇಲ್ರಿ ಆಯಿ."

"ಇಲ್ಲಂದ್ರ ಹೆಂಗ? ಒಬ್ಬರ ಮ್ಯಾಲರ ಇರಬೇಕಲ್ಲ."

"ಇಲ್ರಿ."

"ಹಂಗಾರ ನನ್ನ ಅತ್ತಿ ಮ್ಯಾಲಿಂದು ಎರವಲು ತಗೋ. ಆಕಿ ಸತ್ತು ಭಾಳ ವರ್ಷ ಆತು, ಸಿಟ್ಟು ಇನ್ನೂ ಖರ್ಚಾಗಿಲ್ಲ." ಮಂಗಳವ್ವ ಸೊಂಟದ ಮೇಲೆ ಕೈ ಇಟ್ಟು "ಮೆಂತೇ ಪಲ್ಯ! ರಾಜಗಿರೀ!" ಎಂದು ಕೂಗಿ ತೋರಿಸಿದಳು. ಹುಮಾ ಅವಳ ಪಕ್ಕ ನಿಂತು ಅದನ್ನೇ ಅಂದಳು. ಪಲ್ಯ ಕೊಳ್ಳಲು ಬಂದವಳೊಬ್ಬಳು "ಈ ಹುಡುಗಿಗೆ ಮೈಯಾಗ ಆರಾಮಿಲ್ಲೇನು?" ಎಂದು ವಿಚಾರಿಸಿದಳು.

ಹಜರತಅಲಿ ಮಗಳನ್ನು ದಿನಾ ಸಂಜೆ ಬಸ್ ಸ್ಟ್ಯಾಂಡಿಗೆ ಕರೆದೊಯ್ದ. ತಾನು ಒಂದು ಸಲ "ಹಾವೇರಿ" ಅನ್ನುವುದು, ಅವಳು ಒಂದು ಸಲ ಅನ್ನುವುದು. ಅವಳದು ಅವಳ ಚಪ್ಪಲಿಯ ತನಕವೂ ಹೋಗುತ್ತಿರಲಿಲ್ಲ. ಆದರೂ ಪಕ್ಕದಲ್ಲಿ ನಿಂತಿದ್ದವನೊಬ್ಬ ಅವಳ ಮಾತು ಕೇಳಿಯೇ ಟೆಂಪೊ ಹತ್ತಿದ ದಿನ ಹಜರತಅಲಿ ಮನೆಗೆ ಬಂದು ಹೆಂಡತಿ ಗುಲಾಬಬಿಗೆ ಅದನ್ನು ಎರಡು ಸಲ ಹೇಳಿದ.

ಹಲಗೇರಿಯ ಮ್ಯಾಚಿನ ದಿನ ದನಿ ಬಂತು. ಅದು ಬಂದ ರೀತಿ ಮಾತ್ರ ಯಾರಿಗೂ ಬೇಕಾದದ್ದಾಗಿರಲಿಲ್ಲ.

ಮೈದಾನ ರಸ್ತೆಯ ಮಗ್ಗುಲಲ್ಲೇ ಇತ್ತು. ಹಲಗೇರಿಯ ಹುಡುಗಿಯರಿಬ್ಬರು ಚೆಂಡು ಹೊಡೆದುಕೊಂಡು ಎಡಗಡೆಯಿಂದ ನುಗ್ಗಿದರು. ಗೆರೆಯಾಚೆಯಿಂದ ಚನ್ನೇಶ ಸರ್ "ಒದರು! ಒದರು!" ಎಂದು ಕುಣಿಯುತ್ತಿದ್ದರು. ಹುಮಾ ಹೊಕ್ಕುಳನ್ನು ಒಳಗೆಳೆದುಕೊಂಡಳು, ಬಾಯಿ ಅಗಲಿಸಿದಳು, ಮಂಗಳವ್ವನ ಅತ್ತೆಯನ್ನೂ ನೆನೆದಳು. ಎದೆಯೊಳಗಿಂದ ಏನೋ ಒಂದು ಒಡೆದುಕೊಂಡು ಹೊರಗೆ ಬಂತು.

"ಹಾವೇರೀ! ಹಾವೇರಿ ಹಾವೇರಿ ಹಾವೇರೀ!"

ಅರುಣಾ ನಿಂತಲ್ಲೇ ನಿಂತು ತಿರುಗಿ ನೋಡಿದಳು. ಹಲಗೇರಿಯ ಹುಡುಗಿಯರೂ ಒಂದು ಕ್ಷಣ ನಿಂತರು. ರಸ್ತೆ ಬದಿಯ ಬೇವಿನ ಮರದ ಕೆಳಗೆ ಕೂತಿದ್ದ ಮುದುಕಿಯೊಬ್ಬಳು ಗಡಬಡಿಸಿ ಎದ್ದು, ಚೀಲ ಬಗಲಿಗೆ ಹಾಕಿಕೊಂಡು, "ಎಲ್ಲೈತಿ ಗಾಡಿ? ಎಲ್ಲೈತಿ?" ಎನ್ನುತ್ತ ಮೈದಾನದೊಳಗೇ ಬಂದುಬಿಟ್ಟಳು. ಮೊದಲು ಎಚ್ಚತ್ತವರು ಹಲಗೇರಿಯವರು. ಗೋಲಾಯಿತು. ಇನ್ನೊಂದೂ ಆಯಿತು. ನಗು ನಿಲ್ಲದೆ ಅರುಣಾಳಿಗೆ ಸ್ಟಿಕ್ಕು ಹಿಡಿಯುವುದೂ ಆಗಲಿಲ್ಲ.

ಆಟ ಮುಗಿದ ಮೇಲೆ ಸರ್ ಬಯ್ಯಲಿಲ್ಲ. ಬೈದಿದ್ದರೆ ಹುಮಾಳಿಗೆ ಹಗುರಾಗುತ್ತಿತ್ತು. "ಪ್ಯಾಡು ನಾಳೆ ತಬಸ್ಸುಮ್‌ಗೆ ಕೊಡವ್ವಾ" ಎಂದಷ್ಟೇ ಅಂದು, ನೀರಿನ ಬಾಟಲಿಗಳನ್ನು ಚೀಲಕ್ಕೆ ತುಂಬತೊಡಗಿದರು. ತಬಸ್ಸುಮ್ ಮುಂದಿನ ಸಾಲಿನಲ್ಲಿ ಆಡುವವಳು, ದನಿಗೇನೂ ಕೊರತೆಯಿಲ್ಲ. ಆದರೆ ಚೆಂಡು ಜೋರಾಗಿ ಬಂದರೆ ಕಣ್ಣು ಮುಚ್ಚಿಬಿಡುತ್ತಾಳೆ. "ನಾ ಗೋಲಿಗೆ ಒಲ್ಲೆರಿ ಸರ್" ಎಂದು ಅವಳು ಅಳುಮೋರೆ ಮಾಡಿದಳು. ಕೇಳುವವರು ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಹುಮಾ ಪ್ಯಾಡು, ಹೆಲ್ಮೆಟ್ಟು ಚೀಲದಲ್ಲಿ ಹಾಕಿಕೊಂಡು ಮೈದಾನದ ಕಡೆ ಹೊರಟಳು. ಅರುಣಾ ಜೊತೆಗೆ ಬಂದಳು. ಅರುಣಾ ಯಾವತ್ತೂ ಸುಮ್ಮನೆ ನಡೆದವಳಲ್ಲ. ಅವತ್ತು ಕೋಲ್ಡ್ ಸ್ಟೋರೇಜು ದಾಟುವವರೆಗೂ ಅವಳ ಬಾಯಿಂದ ಒಂದು ಮಾತು ಬರಲಿಲ್ಲ.

"ನಿನ್ನ ನೋಡಿ ನಕ್ಕೆನಲ್ಲ, ಸಿಟ್ಟು ಬಂತೇನ್ಲೇ?" ಎಂದಳು ಕೊನೆಗೆ.

"ಇಲ್ಲ. ನನಗೂ ನಗು ಬಂತು. ಮನಿಗೆ ಹೋದ ಮ್ಯಾಲ."

"ಒಂದು ಮಾತು ಹೇಳ್ಲೇನು? ಮುಂಜಾನಿ ನಾವ ನಾವ ಆಡ್ತೇವಲ್ಲ, ಸರ್ ಬರೂಕಿಂತ ಮೊದಲ. ಆವಾಗ ಒಂದ ಒಂದು ಗೋಲೂ ಹೋಗೂದಿಲ್ಲ. ಯಾಕ ಹೇಳು?"

ಹುಮಾ ಅವಳ ಮುಖ ನೋಡಿದಳು.

"ನೀ ಹೇಳಿದ್ದೆಲ್ಲಾ ನನಗ ಕೇಳಿಸ್ತೈತಿ. ಎಡಕ್ಕ ಅಂತಿ, ಹೋಗ್ತೇನಿ. ಬಿಡು ಅಂತಿ, ಬಿಡ್ತೇನಿ. ನಿನ್ನ ಮಾತು ತಪ್ಪಿದ್ದು ನಾ ನೋಡೇ ಇಲ್ಲ. ಸರ್ ಬಂದ್ರೋ, ಅವರು ಒದರಾಕ ಹತ್ತತಾರ. ಅವರ ಹಿಂದ ಊರು. ಆಮ್ಯಾಲ ನನಗ ಬಸ್ ಸ್ಟ್ಯಾಂಡಿನ್ಯಾಗ ನಿಂತಂಗ ಆಗತೈತಿ."

ಹುಮಾ ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡಳು. ಒಂದು ವಾರ ಅವಳು ತನ್ನಲ್ಲಿ ಏನೋ ಕಡಿಮೆ ಇದೆ ಎಂದುಕೊಂಡು ಅದನ್ನು ಊರೆಲ್ಲ ಹುಡುಕುತ್ತ ತಿರುಗಿದ್ದಳು. ಕಡಿಮೆಯಾಗಬೇಕಾದದ್ದು ಇನ್ನೆಲ್ಲೋ ಇದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಮೈದಾನದಲ್ಲಿ ಚನ್ನೇಶ ಸರ್ ಕೊರಳಲ್ಲಿ ಸೀಟಿ ಹಾಕಿಕೊಂಡು ನಿಂತಿದ್ದರು. ಹುಮಾ ಅವರ ಮುಂದೆ ಹೋಗಿ ಚೀಲ ಕೆಳಗಿಟ್ಟಳು. ಆಮೇಲೆ ಅಂದಳು, "ಸರ್, ಒಂದು ಸಲ ನೀವು ಸುಮ್ಮನ ನಿಂದರ್ತೀರೇನ್ರಿ?"

ಅವರಿಗೆ ಅದು ಕೇಳಿಸಿತು. ತಬಸ್ಸುಮ್ ಅಂತೂ ದೇವರೇ ಬಂದಂತೆ ಕೈಮುಗಿದಳು. ಸರ್ ಎಲ್ಲರ ಮುಖ ಒಮ್ಮೆ ನೋಡಿ, ಸೀಟಿ ತೆಗೆದು ಜೇಬಿಗೆ ಹಾಕಿಕೊಂಡು, ಗೆರೆಯ ಹೊರಗೆ ಹೋಗಿ ಕೈಕಟ್ಟಿ ನಿಂತರು. ಐದು ಹುಡುಗಿಯರು ಗೋಲಿಗೆ ಹೊಡೆಯುವವರು, ಮೂವರು ತಡೆಯುವವರು, ಹಿಂದೆ ಹುಮಾ. ಸರ್ ಎರಡು ಸಲ ಬಾಯಿ ತೆರೆದು ಎರಡು ಸಲವೂ ತಾವೇ ಮುಚ್ಚಿಕೊಂಡರು. ಗೋಲಿನ ಕಡೆಯಿಂದ, ಪಕ್ಕದಲ್ಲಿ ಕೂತವರೊಡನೆ ಮಾತಾಡಿದ ಹಾಗೆ, ಒಂದು ದನಿ ಬರುತ್ತಲೇ ಇತ್ತು. "ಅರುಣಾ, ಬಲಕ್ಕ. ಇನ್ನೊಂದೀಟು. ಬಿಡು, ಹೊರಗ ಹೊಕ್ಕೈತಿ. ನಂದು." ಅರುಣಾ ಆ ದನಿಯ ಅಳತೆಗೆ ತಕ್ಕಂತೆ ಹತ್ತಿರವೇ ಆಡುತ್ತಿದ್ದಳು. ದಾರದಿಂದ ಕಟ್ಟಿದ ಹಾಗೆ ಅತ್ತ ಹೋಗಿ ಇತ್ತ ಬರುತ್ತಿದ್ದಳು. ಒಂದು ಚೆಂಡೂ ಒಳಗೆ ಹೋಗಲಿಲ್ಲ.

ಸರ್ ಒಳಗೆ ಬಂದರು. "ಖರೇ ಐತಿ" ಎಂದರು. "ಇಷ್ಟು ದಿನ ನಿನ್ನ ಮ್ಯಾಲ ನಾನ ಒದರಿ ನಿನ್ನ ದನಿ ಮುಚ್ಚೇನಿ. ಗೋಲಿಗೆ ನೀನ. ಆದ್ರ ನನ್ನ ಬಾಯಿ ನಾ ಕಟ್ಟಕೋತೇನಿ, ಹಾವೇರಿಗೆ ಲಾರಿ ಲಾರಿ ಮಂದಿ ಬರಾಕತ್ತೈತಿ. ಅವರ ಬಾಯಿ ಕಟ್ಟೋರು ಯಾರು? ನಾ ಹೇಳಿದ್ರ ಕೇಳಂಗಿಲ್ಲ. ನೀನ ಹೋಗಿ ಕೇಳು."

ಆ ಗುರುವಾರ ಮಾರುಕಟ್ಟೆಯ ದಿನ. ಯಾರ್ಡಿನ ತುಂಬ ಕೆಂಪು ಗುಡ್ಡಗಳು, ಹಿಮ್ಮುಖವಾಗಿ ಬರುವ ಲಾರಿಗಳು, ತೂಕದವರ ಕೂಗು, ಎಲ್ಲರ ಸೀನು. ನಡುವೆ ಶಾಲೆಯ ಸಮವಸ್ತ್ರದಲ್ಲಿ ಹುಮಾ ಬಂದು ಉಡಚಪ್ಪನ ಎದುರು ನಿಂತಳು. ತುಟಿ ಅಲ್ಲಾಡಿತು. ಉಡಚಪ್ಪ ಹೆಗಲ ಮೇಲಿದ್ದ ಚೀಲ ಇಳಿಸಿ, ಅವಳ ಬಾಯಿಯ ಹತ್ತಿರ ಕಿವಿ ತಂದ. ಕೇಳಿದ. ಅವನ ಮುಖ ಜೋಲು ಬಿತ್ತು. ನೆಟ್ಟಗಾಗಿ, ಹೊಟ್ಟೆಯಿಂದ ದನಿ ಎತ್ತಿ, ಇಡೀ ಯಾರ್ಡಿಗೆ ಸಾರಿದ:

"ಏ, ಕೇಳ್ರಪೋ! ಮ್ಯಾಚಿನ್ಯಾಗ ಯಾರೂ ಒದರಬಾರದಂತ!"

ಕೆಲಸ ನಿಂತಿತು.

"ಯಾರು ಅಂದಾರ?"

"ಗೋಲ್‌ಕೀಪರ್ ಅಂದಾಳ!"

"ಒದರೂದಿಲ್ಲಂದ್ರ ನಾವು ಹೋಗಿ ಏನ್ ಮಾಡೂದು?"

"ಹಲಗಿ ಬಡ್ಯಾವ್ರಿಗೂ ಹೇಳೇವಲ್ಲೋ!"

"ರಾಣೆಬೆನ್ನೂರವರು ಕೇಳಿದ್ರ ನಗೂದಿಲ್ಲೇನು? ಬ್ಯಾಡಗಿ ಮಂದಿಗೆ ಬಾಯಿ ಬಿದ್ದೈತಿ ಅಂತಾರ!"

ಹುಮಾ ಅಲ್ಲಿಂದ ಓಡಿಹೋಗಬೇಕು ಅಂದುಕೊಂಡಳು. ಹೋಗಲಿಲ್ಲ. ಉಡಚಪ್ಪನ ತೋಳು ಜಗ್ಗಿ ಇನ್ನೊಮ್ಮೆ ಏನೋ ಅಂದಳು. ಅವನು ಅದನ್ನು ಕೇಳಿ ಮತ್ತೆ ಮಂದಿಯ ಕಡೆ ತಿರುಗಿದ. ಈ ಸಲ ಅವನ ದನಿ ಇಳಿದಿತ್ತು. "ನೀವು ಬರೂದಿಲ್ಲಂದ್ರ ನನಗ ಆಡಾಕ ಆಗೂದಿಲ್ಲ, ಬರಬೇಕು, ಸುಮ್ಮನ ಕುಂದರಬೇಕು ಅಂತಾಳ. ಏನ್ ಮಾಡೂಣು?"

ಪಲ್ಯದ ಬುಟ್ಟಿ ಹೊತ್ತು ಬಂದಿದ್ದ ಮಂಗಳವ್ವ ಮೊದಲು ಬಾಯಿಬಿಟ್ಟಳು. "ಏನ್ ಮಾಡೂದಂದ್ರ? ಕೂಸು ಬಾಯಿಬಿಟ್ಟು ಕೇಳೈತಿ. ಕುಂದರೂದು. ಗಂಡಸ್ರಿಗೆ ಆಗೂದಿಲ್ಲಂದ್ರ ಹೇಳ್ರಿ, ನಾವು ಹೆಂಗಸ್ರು ಹೋಗ್ತೇವಿ." ಗಂಡಸರಿಗೆ ಅಷ್ಟು ಸಾಕಾಯಿತು. ಆಟ ಮುಗಿಯುವ ತನಕ ಬಾಯಿ ಬಿಚ್ಚುವುದಿಲ್ಲವೆಂದು ಹಮಾಲರೆಲ್ಲ ಚೀಲ ಮುಟ್ಟಿ ಆಣೆ ಮಾಡಿದರು.

ಮನೆಯಲ್ಲಿ ತಂದೆಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಹಜರತಅಲಿ ರೊಟ್ಟಿ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. ಹಾವೇರಿಯ ಮೈದಾನದಲ್ಲಿ ಮಗಳ ಹೆಸರು ಹಿಡಿದು ಕೂಗಬೇಕೆಂದು ಅವನು ವಾರದಿಂದ ಕಲ್ಲುಸಕ್ಕರೆ ಬಾಯಲ್ಲಿಟ್ಟುಕೊಂಡು ಗಂಟಲು ಕಾಯುತ್ತಿದ್ದ. ಊರೂರಿಗೆ ಹೋಗುವ ಯಾರ್ಯಾರನ್ನೋ ಆಯುಷ್ಯವಿಡೀ ಕೂಗಿದ್ದಾಗಿತ್ತು. ಮನೆಯವರ ಹೆಸರು ಕೂಗುವ ಪ್ರಸಂಗ ಬಂದದ್ದು ಇದೊಂದೇ.

"ನಾನೂ ಬ್ಯಾಡೇನು?" ಎಂದ.

"ನೀವು ಒದರಿದ್ರ ನಾ ನಿಮ್ಮನ್ನ ನೋಡ್ತೇನ್ರಿ ಅಬ್ಬಾ. ಚೆಂಡು ನೋಡೂದಿಲ್ಲ."

ಅವನು ಮುರಿದ ರೊಟ್ಟಿಯನ್ನು ತಟ್ಟೆಗೆ ಹಾಕಿದ. ಗುಲಾಬಬಿ ಒಲೆಯ ಹತ್ತಿರದಿಂದ ಅಂದಳು, "ಲಗ್ನಾದಾಗಿಂದ ನಾ ಕೇಳಾಕತ್ತೇನಿ, ಒಂದು ದಿನರ ಸುಮ್ಮನಿರ್ರಿ ಅಂತ. ನನ್ನ ಮಾತು ನಡೀಲಿಲ್ಲ, ಮಗಳದು ನಡೀತು ನೋಡು." ಹಜರತಅಲಿ ನಕ್ಕ. ನಗುವಾಗಲೂ ದನಿ ಹೊರಗೆ ಬಾರದ ಹಾಗೆ ನೋಡಿಕೊಂಡ. ಅಭ್ಯಾಸ ಅಲ್ಲಿಂದಲೇ ಶುರುವಾಯಿತು.

ಭಾನುವಾರ ಹಾವೇರಿಯ ಮೈದಾನಕ್ಕೆ ಬ್ಯಾಡಗಿಯ ಲಾರಿಗಳು ಬಂದವು. ಇಳಿದ ಮಂದಿ ಒಬ್ಬರ ಹಿಂದೆ ಒಬ್ಬರು ಹೋಗಿ ಒಂದು ಬದಿಯ ಮೆಟ್ಟಿಲ ಮೇಲೆ ಕೂತರು. ಚಪ್ಪಲಿ ಎಳೆದ ಸದ್ದೂ ಇಲ್ಲ. ರಾಣೆಬೆನ್ನೂರಿನವರು ಅಷ್ಟು ಹೊತ್ತಿಗಾಗಲೇ ಹುಮಾಳ ಗೋಲಿನ ಹಿಂದೆಯೇ ಜಾಗ ಹಿಡಿದಿದ್ದರು. ಅವರ ಮುಂದಾಳು ಅಂದಾನೆಪ್ಪ, ಆ ತಂಡದ ನಾಯಕಿಯ ಅಜ್ಜ. ಬಿಳಿ ಮೀಸೆ, ಹಳದಿ ರುಮಾಲು. ಅವನು ಕೈ ಎತ್ತಿದರೆ ನಾಲ್ಕು ಹಲಗಿಗಳು ಒಟ್ಟಿಗೆ ಮೊಳಗುತ್ತಿದ್ದವು.

ಮೊದಲರ್ಧ ಪೂರ್ತಿ ಆ ಹಲಗಿ ಹುಮಾಳ ಬೆನ್ನಿಗೇ ಬಡಿಯಿತು. ಅವಳ ಮಾತು ಹೆಲ್ಮೆಟ್ಟಿನಿಂದ ಹೊರಗೆ ಬೀಳುತ್ತಲೇ ಸತ್ತುಹೋಗುತ್ತಿತ್ತು. ಅರುಣಾ ಪದೇಪದೇ ತಿರುಗಿ "ಏನು? ಏನು?" ಅನ್ನುತ್ತಿದ್ದಳು. ಹಾಗೆ ತಿರುಗಿದ ಒಂದು ಗಳಿಗೆಯಲ್ಲೇ ರಾಣೆಬೆನ್ನೂರಿನ ನಾಯಕಿ ಚೆಂಡನ್ನು ಮೂಲೆಗೆ ಹೊಡೆದಳು. ಅಂದಾನೆಪ್ಪನ ರುಮಾಲು ಗಾಳಿಗೆ ಹಾರಿತು. ಬ್ಯಾಡಗಿಯವರು ಹಲ್ಲು ಕಚ್ಚಿ ಕೂತರು. ತಮ್ಮ ಊರಿನ ಬಾಯಿ ಕಟ್ಟಿದ್ದಾಯಿತು, ಇವರದ್ದನ್ನು ಹೇಗೆ ಕಟ್ಟುವುದೆಂದು ಹುಮಾ ಯೋಚಿಸಿಯೇ ಇರಲಿಲ್ಲ.

ವಿರಾಮಕ್ಕೆ ಸೀಟಿಯಾಯಿತು. ದ್ವಿತೀಯಾರ್ಧಕ್ಕೆ ತಂಡಗಳು ಬದಿ ಬದಲಿಸುತ್ತವೆ. ಹುಮಾ ಆ ತುದಿಯ ಗೋಲಿಗೆ ಹೋಗುವವಳು. ಆದ್ದರಿಂದ ರಾಣೆಬೆನ್ನೂರಿನವರೂ ಹಲಗಿ ಹೆಗಲಿಗೇರಿಸಿಕೊಂಡು, ಅವಳ ಬೆನ್ನು ಬಿಡಬಾರದೆಂದು ಆ ತುದಿಗೆ ಹೊರಟರು. ದಾರಿ ಬ್ಯಾಡಗಿಯವರ ಮುಂದಿನಿಂದಲೇ ಹೋಗಬೇಕು. ನೀರು ಕುಡಿಯುತ್ತ ಹುಮಾ ಅದನ್ನು ದೂರದಿಂದ ನೋಡಿದಳು. ಅಲ್ಲಿ ಆಡಿದ ಮಾತು ಅವಳಿಗೆ ಆಮೇಲೆ ಮಂಗಳವ್ವನಿಂದ ತಿಳಿದದ್ದು.

ಅಂದಾನೆಪ್ಪ ಮೆಟ್ಟಿಲ ಮುಂದೆ ನಿಂತು ಮೀಸೆ ತಿರುವಿದ. "ಏನ್ರಪಾ ಬ್ಯಾಡಗಿ ಮಂದಿ! ಮೆಣಸಿನಕಾಯಿ ಖಾರ ಇಳೀತೇನು?"

ಉತ್ತರವಿಲ್ಲ.

"ಯಾಕ, ಬಾಯಾಗ ಬೆಲ್ಲ ಇಟಗೊಂಡು ಕುಂತೀರೇನು?"

ಉತ್ತರವಿಲ್ಲ. ಒಬ್ಬರೂ ಅಲ್ಲಾಡಲಿಲ್ಲ. ಬ್ಯಾಡಗಿಯವರು ಮಾತಿಗೆ ಮಾತು ಕೊಡದೆ ಕೂತದ್ದನ್ನು ಅಂದಾನೆಪ್ಪ ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಅವನು ಈಗ ಸರಿಯಾಗಿ ನೋಡಿದ. ಮುಂದಿನ ಸಾಲಿನಲ್ಲಿ ಉಡಚಪ್ಪ ತಲೆ ತಗ್ಗಿಸಿ ಕೂತಿದ್ದಾನೆ. ಅವನ ಪಕ್ಕ ಹಜರತಅಲಿ ಟವೆಲ್ಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಾನೆ. ಆ ಟವೆಲ್ಲು ಯಾವನೋ ಹಮಾಲನದು, ಮೆಣಸಿನಕಾಯಿ ಧೂಳು ಕುಡಿದದ್ದು. ಅವನ ಎರಡೂ ಕಣ್ಣಿನಿಂದ ನೀರು ಧಾರಾಕಾರ ಸುರಿಯುತ್ತಿತ್ತು. ಹೆಂಗಸರೆಲ್ಲ ಬಾಯಿಗೆ ಸೆರಗು.

ಅಂದಾನೆಪ್ಪನ ಮುಖದ ನಗು ಆರಿತು. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ. ಉಡಚಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತು, ಸಣ್ಣ ದನಿಯಲ್ಲಿ ಕೇಳಿದ:

"ಯಾರು ಹೋದ್ರಪಾ?"

ಉಡಚಪ್ಪ ತಲೆ ಎತ್ತಿದ. ಬಾಯಿ ಬಿಚ್ಚಿದರೆ ಆಣೆ ಮುರಿಯುತ್ತದೆ. ಯಾರೂ ಹೋಗಿಲ್ಲ ಎಂದು ತಲೆ ಅಲ್ಲಾಡಿಸಿದ. ಅದನ್ನು 'ಕೇಳಬ್ಯಾಡ' ಎಂದೇ ಅಂದಾನೆಪ್ಪ ತಿಳಿದ. ಅಷ್ಟರಲ್ಲಿ ಹಿಂದೆ ಕೂತಿದ್ದ ಮಂಗಳವ್ವ ನಗು ತಡೆಯಲಾಗದೆ, ಸೆರಗನ್ನು ಮುಖದ ತುಂಬ ಎಳೆದುಕೊಂಡು ಮೊಣಕಾಲಿಗೆ ಹಣೆ ಹಚ್ಚಿದಳು. ಅವಳ ಹೆಗಲು ಗದಗದ ನಡುಗಿದವು.

"ಇರ್ಲಿ, ಸಮಾಧಾನ ಮಾಡ್ಕೊಳ್ರಿ" ಎಂದ ಅಂದಾನೆಪ್ಪ. "ಇಂಥಾದ್ರಾಗೂ ಹುಡುಗ್ಯಾರ ಸಲುವಾಗಿ ಬಂದೀರಿ. ದೊಡ್ಡ ಮಂದಿ ನೀವು." ಎದ್ದು, ತನ್ನವರ ಹತ್ತಿರ ಹೋಗಿ, ನಾಲ್ಕೂ ಹಲಗಿಗಳನ್ನು ನೆಲಕ್ಕಿಡಿಸಿದ. ಸಾವಿನ ಮನೆಯವರ ಎದುರು ಹಲಗಿ ಬಡಿಯುವ ಮಂದಿ ತಾವಲ್ಲ ಎಂದ. ಒಬ್ಬನು ಸೀಟಿ ಹೊಡೆಯಹೋಗಿ ಅವನಿಂದ ತಲೆಗೆ ಮೊಟಕಿಸಿಕೊಂಡ.

ಹೀಗೆ ದ್ವಿತೀಯಾರ್ಧ ಶುರುವಾದಾಗ ಮೈದಾನದ ಸುತ್ತ ಅಷ್ಟು ಜನ ಕೂತಿದ್ದರೂ ಒಂದು ಕೆಮ್ಮು ಕೂಡ ಇರಲಿಲ್ಲ. ಯಾಕೆಂದು ಹುಮಾಳಿಗೆ ಗೊತ್ತಿಲ್ಲ. ಅವಳು ಕೇಳಲೂ ಹೋಗಲಿಲ್ಲ. ಸ್ಟಿಕ್ಕಿಗೆ ಚೆಂಡು ತಾಗಿದ ಟಕ್ ಎಂಬ ಸದ್ದು ಆ ತುದಿಯಿಂದ ಈ ತುದಿಗೆ ಬರುತ್ತಿತ್ತು. ಹುಡುಗಿಯರ ಉಸಿರು, ಬೂಟಿನ ಕೆಳಗೆ ಮಣ್ಣು ಕರಕರ ಅನ್ನುವುದು, ಎಲ್ಲೋ ಮೇಲೆ ಒಂದು ಹದ್ದು. ಬೆಳಗಿನ ಮೈದಾನದಲ್ಲಿ ಅವಳಿಗೆ ಸಿಗುತ್ತಿದ್ದ ಆ ನಿಶ್ಶಬ್ದ ಇಲ್ಲಿ ಇಷ್ಟೊಂದು ಜನರನ್ನು ಒಳಗೆ ಕೂರಿಸಿಕೊಂಡು ಬಂದಿತ್ತು. ಒಬ್ಬಳೇ ಇದ್ದಾಗಿನದಕ್ಕಿಂತ ಇದು ಬೆಚ್ಚಗಿದೆ ಅನಿಸಿತು. ಅವಳು ಮಾತಾಡತೊಡಗಿದಳು.

"ಅರುಣಾ, ಎಡಕ್ಕ. ಆಕಿ ಮುಂದ ಹೊಕ್ಕಾಳ, ಬಿಡಬ್ಯಾಡ. ಹಂಗ. ಈಗ ಮುಂದ ಹೊಡಿ."

ಅರುಣಾ ಮುಂದೆ ಹೊಡೆದಳು. ಚೆಂಡು ಕೈಯಿಂದ ಕೈಗೆ ಕೊಟ್ಟ ಹಾಗೆ ಒಬ್ಬರಿಂದ ಒಬ್ಬರಿಗೆ ಹೋಗಿ ತಬಸ್ಸುಮ್‌ಳ ಸ್ಟಿಕ್ಕಿಗೆ ಸೇರಿತು. ಅವಳು ಬೀಸಿದಳು. ಕಣ್ಣು ಮುಚ್ಚಿಯೇ ಬೀಸಿದಳೆಂದು ಅರುಣಾ ಇಂದಿಗೂ ವಾದಿಸುತ್ತಾಳೆ. ಗೋಲು! ಬ್ಯಾಡಗಿಯ ಮಂದಿಯೆಲ್ಲ ಒಮ್ಮೆಲೇ ಎದ್ದು ನಿಂತು, ಬಾಯಿ ತೆರೆದು, ಕೈ ಎತ್ತಿ, ಒಂದು ಸದ್ದೂ ಮಾಡದೆ ಹಾಗೇ ಕೂತರು. ಉಡಚಪ್ಪ ಪಕ್ಕದವನನ್ನು ಎತ್ತಿ ಹಿಡಿದು ಮತ್ತೆ ಮೆಲ್ಲಗೆ ಕೆಳಗಿಟ್ಟ. ಅದನ್ನು ನೋಡಿ ರಾಣೆಬೆನ್ನೂರಿನ ಹೆಂಗಸರಿಗೆ ಕರುಳು ಚುರ್ ಎಂದಿತು. ಪಾಪ, ಹಿಗ್ಗಲೂ ಆಗದ ದುಃಖ!

ಬ್ಯಾಡಗಿಗೆ ಎರಡನೆಯ ಗೋಲು ಬಂದಾಗ ಹೆಚ್ಚು ಹೊತ್ತು ಉಳಿದಿರಲಿಲ್ಲ. ರಾಣೆಬೆನ್ನೂರಿನವರು ಮೈಮೇಲೆ ಬಂದವರ ಹಾಗೆ ಆಡಿದರು. ಹುಮಾ ಕಾಲಿನಿಂದ ತಡೆದಳು, ಕೈಯಿಂದ ತಡೆದಳು, ಒಂದನ್ನು ಹೆಲ್ಮೆಟ್ಟಿಗೇ ಹೊಡೆಸಿಕೊಂಡಳು. ಕೊನೆಗೆ ಆಟ ಮುಗಿದ ಸೀಟಿಯಾಯಿತು. ಬ್ಯಾಡಗಿಯವರ ಬಾಯಿ ತೆರೆಯುವುದೊಂದು ಬಾಕಿ, ಚನ್ನೇಶ ಸರ್ ಎರಡೂ ಕೈ ಬೀಸಿ "ಇನ್ನೂ ಐತಿ! ಕುಂದ್ರಿ!" ಎಂದು ಸನ್ನೆ ಮಾಡಿದರು. ಸೀಟಿಗೆ ತುಸು ಮೊದಲು ಅರುಣಾಳ ಕಾಲಿಗೆ ಚೆಂಡು ತಾಗಿ ರಾಣೆಬೆನ್ನೂರಿಗೆ, ಗೋಲಿನ ಹತ್ತಿರದಿಂದಲೇ ಹೊಡೆಯುವ ಪೆನಾಲ್ಟಿ ಕಾರ್ನರ್ ಸಿಕ್ಕಿತ್ತು. ಹೊತ್ತು ಮುಗಿದಿದ್ದರೂ ಅದನ್ನು ಆಡಿಯೇ ಮುಗಿಸಬೇಕು.

ಗೆರೆಯ ಹಿಂದೆ ಹುಮಾ, ಅವಳ ಜೊತೆ ನಾಲ್ವರು. ಎದುರಿಗೆ ಡಿ ಸುತ್ತ ರಾಣೆಬೆನ್ನೂರಿನ ಹುಡುಗಿಯರೆಲ್ಲ ಸ್ಟಿಕ್ಕು ನೆಲಕ್ಕೆ ಹಚ್ಚಿ ಬಾಗಿ ನಿಂತಿದ್ದರು. ಅರುಣಾಳ ಮುಖ ಬಿಳಿಚಿಕೊಂಡಿತ್ತು. "ನನ್ನಿಂದ ಆತಲ್ಲೇ" ಎಂದಳು.

"ಆಗಲಿ ಬಿಡು" ಎಂದಳು ಹುಮಾ. "ಅವರ ನಾಯಕಿ ನನ್ನ ಬಲಕ್ಕ ನೋಡಾಕತ್ತಾಳ. ಹೊಡಿಯೂದು ಎಡಕ್ಕ. ನೀ ಎಡಗಂಬಕ್ಕ ಅಂಟಿ ನಿಲ್ಲು. ನಾ ಮುಂದ ಹೊಕ್ಕೇನಿ. ನನಗ ತಾಗಿ ಬಂದದ್ದು ನಿಂದು."

ಚೆಂಡು ಒಳಗೆ ಬಂತು, ನಿಂತಿತು. ಸ್ಟಿಕ್ಕು ಬೀಸಿತು. ಹುಮಾ ನಾಲ್ಕು ಹೆಜ್ಜೆ ನುಗ್ಗಿ ಎಡಕ್ಕೆ ಮೈ ಚೆಲ್ಲಿದಳು. ಪ್ಯಾಡಿನ ತುದಿಗೆ ಏನೋ ಬಡಿಯಿತು. ಚೆಂಡು ಕಂಬದ ಕಡೆ ಪುಟಿದದ್ದು ಅವಳಿಗೆ ಕಾಣಲಿಲ್ಲ, ಅವಳ ಮುಖ ಮಣ್ಣಿನಲ್ಲಿತ್ತು. ಕಿವಿಗೆ ಮಾತ್ರ ಕೇಳಿಸಿತು. "ನಂದು!" ಎಂದು ಅರುಣಾ ಅಂದದ್ದು, ಮೆಲ್ಲಗೆ, ಹುಮಾಳ ಅಳತೆಯ ದನಿಯಲ್ಲೇ. ಆಮೇಲೆ ಟಕ್ ಎಂಬ ಸದ್ದು. ಚೆಂಡು ದೂರ ದೂರ ಹೋಗುವ ಸದ್ದು. ಸೀಟಿ.

ಯಾರೂ ಒದರಲಿಲ್ಲ.

ಒಂದು ಸಲ ಸೀಟಿ ನಂಬಿ ಮೋಸಹೋಗಿದ್ದ ಬ್ಯಾಡಗಿ ಮಂದಿ ಈ ಸಲ ಗಟ್ಟಿಯಾಗಿ ಕೂತಿದ್ದರು. ರಾಣೆಬೆನ್ನೂರಿನವರು ಸಾವಿನ ಮರ್ಯಾದೆಗೆ ಕೂತಿದ್ದರು. ಅಂಪೈರು ಇದೇನು ಊರುಗಳಪ್ಪಾ ಎಂಬಂತೆ ಸುತ್ತ ನೋಡಿದ. ಹುಮಾ ಎದ್ದು ಹೆಲ್ಮೆಟ್ಟು ತೆಗೆದಳು. ಮೆಟ್ಟಿಲ ಮುಂದಿನ ಸಾಲಿನಲ್ಲಿ ತಂದೆ ಕಾಣಿಸಿದ. ಟವೆಲ್ಲು ಇನ್ನೂ ಬಾಯಲ್ಲಿ. ಹುಬ್ಬು ಎರಡೂ ಮೇಲೆತ್ತಿ, ಮುಗೀತೇನು ಎಂದು ಕಣ್ಣಿನಲ್ಲೇ ಕೇಳುತ್ತಿದ್ದ.

"ಮುಗೀತ್ರಿ ಅಬ್ಬಾ" ಎಂದಳು ಹುಮಾ, ಮನೆಯಲ್ಲಿ ಮಾತಾಡುವ ಹಾಗೆಯೇ. "ಗೆದ್ದೇವಿ."

ಅದು ಕೊನೆಯ ಮೆಟ್ಟಿಲಿನಲ್ಲಿ ಕೂತವರಿಗೂ ಕೇಳಿಸಿತು.

ಆಮೇಲೆ ಆದದ್ದನ್ನು ಹಾವೇರಿಯ ಮಂದಿ ಇನ್ನೂ ಹೇಳಿಕೊಳ್ಳುತ್ತಾರೆ. ಹಜರತಅಲಿ ಬಾಯಿಂದ ಟವೆಲ್ಲು ಕಿತ್ತೆಸೆದು "ಹುಮಾ! ಹುಮಾ! ಹುಮಾ!" ಎಂದು ಎತ್ತಿದ ದನಿಗೆ ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸೊಂದು ನಿಂತಿತಂತೆ. ಹಮಾಲರು ಮೆಟ್ಟಿಲು ಹಾರಿ ಬಂದರು. ಉಡಚಪ್ಪ ಚನ್ನೇಶ ಸರ್‌ರನ್ನು ಚೀಲದ ಹಾಗೆ ಹೆಗಲಿಗೆ ಹಾಕಿಕೊಂಡು ಓಡಿದ. ಮಂಗಳವ್ವ ವಿರಾಮದಿಂದ ಹಿಡಿದಿಟ್ಟ ನಗುವನ್ನು ಒಮ್ಮೆಲೇ ಬಿಟ್ಟಳು. ಗುಲಾಬಬಿ ಅವಳನ್ನು ಹಿಡಿದುಕೊಂಡು ಅಳುತ್ತ ನಗುತ್ತ ನಿಂತಳು.

ಅಂದಾನೆಪ್ಪ ಕೈಯಲ್ಲಿ ರುಮಾಲು ಹಿಡಿದುಕೊಂಡು ಆ ಗದ್ದಲದ ನಡುವೆ ನುಗ್ಗಿದ. "ಲೇ ಉಡಚ್ಯಾ! ಯಾರೂ ಸತ್ತಿಲ್ಲೇನ್ಲೇ?"

"ಇಲ್ಲಂತ ತಲಿ ಅಲ್ಲಾಡಿಸಿದ್ನೆಲ್ಲೋ ಅಣ್ಣಾ!"

"ಮತ್ತ ಈ ಆಯಿ ಅತ್ತಿದ್ದು?"

"ನಕ್ಕಿದ್ದು!" ಎಂದಳು ಮಂಗಳವ್ವ. "ನಿನ್ನ ಮಾರಿ ನೋಡಿ!"

"ನನ್ನ ನಾಲ್ಕು ಹಲಗಿ ಸುಮ್ಮನ ಕುಂದರಿಸಿದ್ರೆಲ್ಲೋ, ಖೋಡಿಗಳ್ರಾ! ಮುಂದಿನ ವರ್ಷ ನಿಮ್ಮೂರ ಹಿರ್ಯಾರು ಖರೇ ಸತ್ರೂ ನಾ ನಿಲ್ಲಿಸೂದಿಲ್ಲ ನೋಡ್ರಿ!" ಎಂದು ಅವನು ಬೈದ, ಬಯ್ಯುತ್ತ ನಕ್ಕ. ನಗು ನಿಂತ ಮೇಲೆ, ಉಡಚಪ್ಪನಿಂದ ನಡೆದದ್ದನ್ನೆಲ್ಲ ಕೇಳಿಕೊಂಡು, ಗೋಲಿನ ಹತ್ತಿರ ಹೋದ. ಹುಡುಗಿಯರ ಗುಂಪಿನ ನಡುವೆ ಮಣ್ಣು ಮೆತ್ತಿದ ಮುಖದ ಹುಮಾ ನಿಂತಿದ್ದಳು.

"ಊರಿಗೆ ಊರ ಸುಮ್ಮನ ಕುಂದರಿಸಿದಾಕಿ ನೀನೇನವ್ವಾ?"

ಹುಮಾ ಏನೋ ಅಂದಳು. ಸುತ್ತಲಿನ ಗಲಾಟೆಯಲ್ಲಿ ಒಂದಕ್ಷರವೂ ಅವನಿಗೆ ತಲುಪಲಿಲ್ಲ. ಅವನು ಬಾಗಿ ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದ.

"ನಿಮ್ಮೋರು ಹಲಗಿ ಭಾಳ ಛಲೋ ಬಡೀತಾರ್ರಿ ಅಜ್ಜಾ" ಎಂದಳು ಅವಳು. "ಆವಾಗ ಕೇಳಾಕ ಪುರಸೊತ್ತಿರಲಿಲ್ಲ. ಈಗ ಒಂದೀಟು ಬಡಸ್ರಿ."

ಅಂದಾನೆಪ್ಪ ಅವಳ ಮುಖವನ್ನು ನೋಡಿದ. ರುಮಾಲನ್ನು ತಲೆಗೆ ಸುತ್ತಿಕೊಂಡ. ತನ್ನವರ ಕಡೆ ತಿರುಗಿ ಕೈ ಎತ್ತಿದ.